ಹಳೆಯ ಜೀಪು, ಹೊಸ ಗಾಡಿ: ಬೆಳೆಗಾರನಿಗೆ ಯಾವುದು ಹಿತ?

ಬೆಳೆಗಾರರು ನಾಲ್ಕು ಜನ ಕೂಡಿದಲ್ಲಿ ಮೊದಲು ಅಡಿಕೆ ಧಾರಣೆಯ ಮಾತು, ಆಮೇಲೆ ಕೊಳೆರೋಗದ ಮಾತು, ಮೂರನೆಯದಾಗಿ ಗಾಡಿಯ ಮಾತು ಬರುವುದು ವಾಡಿಕೆ. ಈಚೆಗೆ ಈ ಮೂರನೆಯ ಮಾತೇ ಮುಂದೆ ಬಂದು ಕುಳಿತಿದೆ. ಅಡಿಕೆಗೂ ಕಾಫಿಗೂ ತಕ್ಕಮಟ್ಟಿನ ಬೆಲೆ ಸಿಕ್ಕಿದ ಮೇಲೆ, ಮೂವತ್ತು ವರ್ಷ ತೋಟದಲ್ಲಿ ದುಡಿದ ಜೀಪನ್ನು ಮಾರಿಬಿಡಲೋ, ಇನ್ನೊಮ್ಮೆ ಎಂಜಿನ್ ಬಿಚ್ಚಿಸಿ ಇಟ್ಟುಕೊಳ್ಳಲೋ, ಇಲ್ಲವೇ ಸಾಲ ಮಾಡಿ ಹೊಸ ಗಾಡಿ ತರಲೋ ಎಂಬ ಪ್ರಶ್ನೆಯನ್ನು ಅನೇಕ ಸದಸ್ಯರು ನಮ್ಮಲ್ಲಿ ಕೇಳಿದ್ದಾರೆ. ಕೇಳಿದವರಿಗೆ ಉತ್ತರ ಹೇಳುವ ಯೋಗ್ಯತೆ ನಮಗೆ ಇರಲಿಲ್ಲ. ಏಕೆಂದರೆ ಅದೇ ಪ್ರಶ್ನೆ ನಮ್ಮ ಮನೆಯ ಜಗುಲಿಯ ಮೇಲೂ ಆರು ವರ್ಷಗಳಿಂದ ಕುಳಿತಿತ್ತು. ಕೊನೆಗೆ ಮೂರು ದಿನ ಬಿಡುವು ಮಾಡಿಕೊಂಡು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ತಿರುಗಾಡಿ, ನೋಡಿ, ಕೇಳಿ ಬಂದೆವು. ಕಂಡದ್ದನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಒಂದೇ ರಾತ್ರಿಯ ಎರಡು ಪಾಠ

ನಮ್ಮ ತೋಟ ಹಾನಗಲ್ಲ ತಾಲೂಕಿನ ಪಶ್ಚಿಮದ ಅಂಚಿನಲ್ಲಿದೆ. ಎರಡೂವರೆ ಎಕರೆ ಅಡಿಕೆ, ಅದರ ನಡುವೆ ಮೆಣಸಿನ ಬಳ್ಳಿ, ಒಂದಿಷ್ಟು ಕಾಫಿ. ಡಾಂಬರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರು ಮಣ್ಣು ದಾರಿ, ನಡುವೆ ಒಂದು ಹಳ್ಳ. ಜೀಪನ್ನು ನಮ್ಮ ತಂದೆಯವರು 1996ರಲ್ಲಿ ಆ ವರ್ಷದ ಅಡಿಕೆ ಮಾರಿದ ಹಣದಿಂದ ತಂದರು. ಡೀಸೆಲ್ ಎಂಜಿನ್, ನಾಲ್ಕು ಗೇರು, ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಸೀಟಿಗೆ ಬೆಲ್ಟಿಲ್ಲ.

2019ರ ಆಗಸ್ಟಿನ ಮಳೆಯನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ವರದಾ ತುಂಬಿತ್ತು, ಧರ್ಮಾ ತುಂಬಿತ್ತು. ನಮ್ಮ ಪುಟ್ಟ ಹಳ್ಳವೂ ಹೊಳೆಯಾಗಿತ್ತು. ಆ ರಾತ್ರಿ ತಾಯಿಯವರಿಗೆ ಉಸಿರು ಕಟ್ಟಿತು. ತಮ್ಮನ ಕಾರು ಅಂಗಳದಿಂದ ಹೊರಗೆ ಕದಲಲಿಲ್ಲ. ಜೀಪಿನ ಹಿಂದೆ ಹಾಸಿಗೆ ಹಾಸಿ ತಾಯಿಯವರನ್ನು ಮಲಗಿಸಿ, ಮುಂದಿನ ಚಕ್ರಕ್ಕೂ ಶಕ್ತಿ ಕೊಟ್ಟು, ಕೆಳಗಿನ ಗೇರಿನಲ್ಲಿ ಹಳ್ಳಕ್ಕೆ ಇಳಿದೆವು. ನೀರು ಬಾಗಿಲ ಹಲಗೆಯ ಮಟ್ಟಕ್ಕೆ ಬಂದಿತ್ತು. ಜೀಪು ಎಮ್ಮೆಯ ಹಾಗೆ ಮೆಲ್ಲಗೆ ನಡೆದು ಆಚೆ ದಡ ಹತ್ತಿತು.

ಅಲ್ಲಿಗೆ ಕಥೆ ಮುಗಿದಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರಲಿಲ್ಲ. ದಡ ಹತ್ತಿದ ಸಂತೋಷದಲ್ಲಿ ನಾವು ಒಂದು ಸಂಗತಿ ಮರೆತೆವು. ನೀರಿನಲ್ಲಿ ನೆನೆದ ಡ್ರಮ್ ಬ್ರೇಕು ಹಿಡಿಯುವುದಿಲ್ಲ. ನೀರು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಿ ಅದನ್ನು ಒಣಗಿಸಬೇಕು. ಆಸ್ಪತ್ರೆಯ ಅವಸರದಲ್ಲಿ ಅದು ನೆನಪಿಗೆ ಬರಲಿಲ್ಲ. ಮುಂದಿನ ಇಳಿಜಾರಿನಲ್ಲಿ ಬ್ರೇಕು ತುಳಿದರೆ ಗಾಡಿ ನಿಲ್ಲಲಿಲ್ಲ. ಹೋಗಿ ಮೋರಿಕಟ್ಟೆಗೆ ಬಡಿಯಿತು. ಮುಂದೆ ಕುಳಿತಿದ್ದ ತಮ್ಮನ ಹಣೆ ಗಾಜಿನ ಚೌಕಟ್ಟಿಗೆ ಅಪ್ಪಳಿಸಿತು. ಒಂಬತ್ತು ಹೊಲಿಗೆ ಬಿದ್ದವು. ಎಡಗಣ್ಣು ಉಳಿದದ್ದು ದೈವದ ಕೃಪೆ. ತಾಯಿಯವರು ಬದುಕಿದರು, ಜೀಪು ಇಲ್ಲದಿದ್ದರೆ ಬದುಕುತ್ತಿರಲಿಲ್ಲ. ತಮ್ಮನ ಹಣೆಯ ಮೇಲಿನ ಗುರುತು ಮಾತ್ರ ಇಂದಿಗೂ ಹಾಗೆಯೇ ಇದೆ.

ತಪ್ಪು ಗಾಡಿಯದಲ್ಲ, ನಮ್ಮದು. ಆದರೂ ಅಂದಿನಿಂದ ಮನೆಯಲ್ಲಿ ಎರಡು ಪಕ್ಷಗಳಾದವು. “ಜೀಪು ಮಾರುವ ಮಾತೇ ಬೇಡ” ಎಂದು ತಂದೆಯವರು. “ಆ ಜೀಪಿನಲ್ಲಿ ನನ್ನ ಮಕ್ಕಳನ್ನು ಕೂರಿಸುವುದಿಲ್ಲ” ಎಂದು ತಮ್ಮ. ಇಬ್ಬರೂ ಹೇಳುವುದು ನಿಜವಾದ್ದರಿಂದ ನಡುವಿನ ನಮಗೆ ಮಾತು ಹೊರಡಲಿಲ್ಲ.

ಬ್ಯಾಡಗಿಯ ಮಿಸ್ತ್ರಿಯ ಮಾತು

ಮೊದಲು ಹೋದದ್ದು ಬ್ಯಾಡಗಿಗೆ. ಮೆಣಸಿನಕಾಯಿ ಪೇಟೆಯ ದಿನ. ಚೀಲ ಹೊತ್ತ ಗಾಡಿಗಳ ಸಾಲು, ಊರು ಸೇರುವ ಮೊದಲೇ ಮೂಗಿಗೆ ಘಾಟು. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದದ್ದು ಸದಸ್ಯರಿಗೆ ಗೊತ್ತೇ ಇದೆ. ಅದರ ಗುಣ ಬಣ್ಣ ಹೆಚ್ಚು, ಖಾರ ಕಡಿಮೆ. ಬಣ್ಣ ಬೇಕಾದವನು ಅದನ್ನು ಕೊಳ್ಳುತ್ತಾನೆ, ಖಾರ ಬೇಕಾದವನು ಗುಂಟೂರಿನದನ್ನು ಕೊಳ್ಳುತ್ತಾನೆ. ತನಗೆ ಬೇಕಾದದ್ದು ಯಾವುದೆಂದು ತಿಳಿದವನು ಮೋಸ ಹೋಗುವುದಿಲ್ಲ. ಗಾಡಿಯ ವ್ಯಾಪಾರಕ್ಕೂ ಇದೇ ನ್ಯಾಯ.

ಪೇಟೆಯ ಹೊರಗಿನ ಒಂದು ಗ್ಯಾರೇಜಿನಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರು ಹಳೆಯ ಜೀಪೊಂದರ ಗೇರುಪೆಟ್ಟಿಗೆ ಬಿಚ್ಚಿ ಹರವಿಕೊಂಡು ಕುಳಿತಿದ್ದರು. ನಮ್ಮ ಪ್ರಶ್ನೆ ಕೇಳಿ ನಕ್ಕರು. “ಯಜಮಾನ್ರ, ಇದರಾಗ ಕೆಟ್ಟದ್ದು ಕಣ್ಣಿಗೆ ಕಾಣತೈತ್ರಿ. ಹೊಸಾದರಾಗ ಕೆಟ್ಟದ್ದು ಕಂಪ್ಯೂಟರ್‌ಗ ಅಷ್ಟ ಕಾಣತೈತಿ” ಎಂದರು. ನಾವು ಜೀಪಿನ ಪಕ್ಷವೇ ಗೆದ್ದಿತೆಂದು ಎಣಿಸುವಷ್ಟರಲ್ಲಿ ಕೈ ಒರೆಸಿಕೊಳ್ಳುತ್ತ ಮತ್ತೊಂದು ಮಾತು ಸೇರಿಸಿದರು: “ಆದ್ರ ನನ್ನ ಮಗಳನ್ನ ಇದರಾಗ ಕುಂದ್ರಿಸಿ ಹುಬ್ಬಳ್ಳಿಗೆ ಕಳಸು ಅಂದ್ರ ಕಳಸಂಗಿಲ್ರಿ.”

ಮೂರು ದಿನಗಳಲ್ಲಿ ಕೇಳಿದ ಮಾತುಗಳಲ್ಲಿ ಇದಕ್ಕಿಂತ ತೂಕದ ಮಾತು ಇನ್ನೊಂದಿಲ್ಲ.

ಹಳೆಯ ಜೀಪಿನ ಬಲವೇನು?

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ವಿಲ್ಲೀಸ್ ಜೀಪನ್ನು ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಅದೇ ವಂಶದ ಗಾಡಿಗಳು ಮುಂದೆ ಡೀಸೆಲ್ ಎಂಜಿನ್ ಪಡೆದು, ಐವತ್ತು ವರ್ಷಕ್ಕೂ ಮೇಲೆ ನಮ್ಮ ಮಲೆನಾಡಿನಲ್ಲೂ ಬಯಲಿನಲ್ಲೂ ದುಡಿದವು. ಮಾರುತಿ ಜಿಪ್ಸಿ 1985ರ ಕೊನೆಯಲ್ಲಿ ಬಂದು, ಸಾಮಾನ್ಯ ಗ್ರಾಹಕರಿಗೆ 2019ರ ಹೊತ್ತಿಗೆ ನಿಂತುಹೋಯಿತು.

ಈ ಗಾಡಿಗಳ ಮೊದಲ ಗುಣ ಹಗುರ. ಹಳೆಯ ಜೀಪಿಗಿಂತ ಇಂದಿನ ಥಾರ್ ಗಾಡಿ ನಾಲ್ಕೈದು ಕ್ವಿಂಟಾಲ್ ಹೆಚ್ಚು ತೂಗುತ್ತದೆ. ಹಾವೇರಿ, ರಾಣೆಬೆನ್ನೂರು ಕಡೆಯ ಎರೆಭೂಮಿ ಕಂಡವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಮಳೆ ಬಿದ್ದ ಎರೆಮಣ್ಣು ಟೈರಿನ ಹಲ್ಲುಗಳ ನಡುವೆ ತುಂಬಿ, ಚಕ್ರವನ್ನು ರೊಟ್ಟಿಯ ಹಿಟ್ಟಿನ ಉಂಡೆಯಂತೆ ಮಾಡಿಬಿಡುತ್ತದೆ. ಅಲ್ಲಿ ಅಗಲ ಟೈರಿನ ಭಾರದ ಗಾಡಿ ಹೂತರೆ ಟ್ರ್ಯಾಕ್ಟರಿಗೆ ಹೇಳಿ ಕಳಿಸುವುದೇ ಸರಿ. ಮಲೆನಾಡಿನ ಕೆಂಪು ಜಂಬಿಟ್ಟಿಗೆಯ ಏರಿನ ಲೆಕ್ಕ ಬೇರೆ. ಅಲ್ಲಿ ಕೆಳಗಿನ ಗೇರು, ಎಂಜಿನ್ನಿನ ಎಳೆತ ಮುಖ್ಯ.

ಎರಡನೆಯ ಗುಣ ರಿಪೇರಿಯ ಸುಲಭ. ಸ್ಪ್ರಿಂಗ್ ಪಟ್ಟಿ ಮುರಿದರೆ ತಾಲೂಕು ಕೇಂದ್ರದಲ್ಲೇ ಪಟ್ಟಿ ಸಿಗುತ್ತದೆ. ಒಣಗಿಸಿದ ಅಡಿಕೆಯ ವಾಸನೆಗೆ ಬಂದ ಇಲಿ ವೈರು ಕಡಿದರೆ ಹಳೆಯ ಜೀಪಿಗೆ ಒಂದು ದೀಪ ಆರೀತು; ಹೊಸ ಗಾಡಿ ಅಲ್ಲಿಯೇ ನಿಂತೀತು.

ಆದರೆ ಎರಡು ದೋಷಗಳನ್ನೂ ಹೇಳಬೇಕು. ಹಳೆಯ ಪೆಟ್ರೋಲ್ ಜೀಪು, ಜಿಪ್ಸಿಗಳ ರಬ್ಬರ್ ಕೊಳವೆ, ವಾಷರುಗಳು ಈಗ ಬಂಕುಗಳಲ್ಲಿ ಸಿಗುವ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗಾಗಿ ಮಾಡಿದವಲ್ಲ. ಅವು ಬೇಗ ಗಡುಸಾಗಿ ಸೋರಬಹುದು. ವರ್ಷಕ್ಕೊಮ್ಮೆ ನೋಡಿ ಬದಲಿಸಬೇಕು. ಎರಡನೆಯದು, ಸುರಕ್ಷತೆ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಬರುವ ಲಾರಿಯ ಮುಂದೆ ತಗಡಿನ ಜೀಪು ಒಂದು ಬುಟ್ಟಿಗೆ ಸಮ.

ಹಾವೇರಿಯಲ್ಲಿ ಕಂಡ ಹೊಸ ಗಾಡಿಗಳು

ನಮ್ಮ ಜಿಲ್ಲೆಯ ದೀಪಾವಳಿಯ ಹೋರಿ ಹಬ್ಬದಲ್ಲಿ ಹೋರಿಗೆ ಕೊಬ್ಬರಿ ಹಾರ, ಬಲೂನು, ಜೂಲು ಕಟ್ಟಿ ಬಿಡುವುದನ್ನು ಎಲ್ಲರೂ ಬಲ್ಲರು. ಹಾವೇರಿಯ ಗಾಡಿ ಮಳಿಗೆಯಲ್ಲಿ ಹೊಸ ಗಾಡಿಯ ಮುಂದೆ ನಿಂತಾಗ ನಮಗೆ ಅದೇ ಹೋರಿ ನೆನಪಾಯಿತು. ದೊಡ್ಡ ಪರದೆ, ಹಾಡು, ತಣ್ಣನೆಯ ಗಾಳಿ, ಬಣ್ಣದ ದೀಪ. ಶೃಂಗಾರವನ್ನು ಕಳಚಿ ನೋಡಿದರೆ ಒಳಗೆ ನಿಜವಾದ ಹೋರಿ ಇದೆಯೇ? ಇದೆ ಎಂದು ಒಪ್ಪಲೇಬೇಕು.

2020ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಥಾರ್, ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ಐದು ಬಾಗಿಲಿನ ಥಾರ್ ರಾಕ್ಸ್ 2024ರಲ್ಲಿ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಪಡೆಯಿತು. ಮಾರುತಿ ಜಿಮ್ನಿ 2023ರ ಜೂನ್‌ನಲ್ಲಿ ಬಂದಿತು. ಹಗುರವಾದ ಪೆಟ್ರೋಲ್ ಗಾಡಿ, ಕೆಳಗಿನ ಗೇರೂ ಉಂಟು. ಫೋರ್ಸ್ ಗೂರ್ಖಾದಲ್ಲಿ ಮುಂದಿನ, ಹಿಂದಿನ ಎರಡೂ ಡಿಫರೆನ್ಷಿಯಲ್‌ಗಳನ್ನು ಬಂಧಿಸುವ ಏರ್ಪಾಡಿದೆ.

ಈ ಡಿಫರೆನ್ಷಿಯಲ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳಿತು. ಸಾಮಾನ್ಯ ಗಾಡಿಯಲ್ಲಿ ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತತೊಡಗಿದರೆ, ಎಳೆಯುವ ಶಕ್ತಿ ಎರಡನೆಯ ಚಕ್ರಕ್ಕೂ ಸಿಗದು. ಜೋಡೆತ್ತಿನಲ್ಲಿ ಒಂದು ಮಲಗಿದರೆ ಇನ್ನೊಂದೂ ನಿಂತ ಹಾಗೆ. ಹೊಸ ಗಾಡಿಗಳಲ್ಲಿ ಸುತ್ತುವ ಚಕ್ರಕ್ಕೆ ಗಾಡಿಯೇ ಬ್ರೇಕು ಹಾಕಿ, ಹಿಡಿತವಿರುವ ಚಕ್ರಕ್ಕೆ ಶಕ್ತಿ ತಿರುಗಿಸುತ್ತದೆ. ಇದು ಶೃಂಗಾರವಲ್ಲ, ನಿಜವಾದ ಉಪಯೋಗ. ಬ್ರೇಕು ತುಳಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯನ್ನು 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಲಾಯಿತು. ಚಾಲಕನ ಗಾಳಿಚೀಲ ಅದೇ ವರ್ಷ ಜುಲೈನಿಂದ, ಪಕ್ಕದವನ ಗಾಳಿಚೀಲ 2022ರ ಆರಂಭದಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದವು. ತಮ್ಮನ ಹಣೆ ನೆನೆದಾಗ ಇವನ್ನು ಆಡಂಬರವೆಂದು ತಳ್ಳಿಹಾಕಲು ನಮಗೆ ಮನಸ್ಸು ಬರುವುದಿಲ್ಲ.

ಒಂದು ಎಚ್ಚರಿಕೆ: 2010ರಿಂದ 2020ರವರೆಗಿನ ಹಳೆಯ ಥಾರ್ ನೋಡಲು ಹೊಸದರಂತಿದ್ದರೂ ಅದರಲ್ಲಿ ಗಾಳಿಚೀಲಗಳಿರಲಿಲ್ಲ. ಹೆಸರು ಒಂದೇ ಎಂದು ರಕ್ಷಣೆಯೂ ಒಂದೇ ಎಂದು ತಿಳಿಯಬಾರದು.

ತೋಟದವನು ತಿಳಿಯಬೇಕಾದ ಹೊಸ ಗಾಡಿಯ ತೊಂದರೆ

2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಡಿ.ಪಿ.ಎಫ್. ಎಂಬ ಮಸಿ ಹಿಡಿಯುವ ಜರಡಿ ಇರುತ್ತದೆ. ಜರಡಿಯಲ್ಲಿ ಕೂಡಿದ ಮಸಿ ಆಗಾಗ ಸುಟ್ಟು ಹೋಗಬೇಕು. ಅದಕ್ಕೆ ಎಂಜಿನ್ ಚೆನ್ನಾಗಿ ಕಾದು, ರಸ್ತೆಯ ಮೇಲೆ ಒಂದೇ ಸಮನೆ ಇಪ್ಪತ್ತು ಮೂವತ್ತು ನಿಮಿಷ ಓಡಬೇಕು. ನಮ್ಮ ಗಾಡಿಗಳು ಓಡುವುದು ಹೇಗೆ? ಮನೆಯಿಂದ ತೋಟಕ್ಕೆ, ತೋಟದಿಂದ ಕಣಕ್ಕೆ, ಮೊದಲನೆಯ ಎರಡನೆಯ ಗೇರಿನಲ್ಲಿ. ಹೀಗೆ ಓಡಿಸಿದರೆ ಜರಡಿ ಕಟ್ಟಿ, ಎಚ್ಚರಿಕೆಯ ದೀಪ ಹತ್ತಿ, ಗಾಡಿಯ ಶಕ್ತಿ ಕುಂದುತ್ತದೆ. ನಮ್ಮ ಪರಿಚಯದ ಬೆಳೆಗಾರರೊಬ್ಬರ ಗಾಡಿ ಕೊಯ್ಲಿನ ನಡುವೆಯೇ ಹೀಗೆ ನಿಂತು ಒಂದು ವಾರ ಗ್ಯಾರೇಜಿನಲ್ಲಿತ್ತು. ಇಂಥ ಗಾಡಿ ಇಟ್ಟವರು ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಬೇಕು. ಹೆಚ್ಚು ಓಡಾಟ ತೋಟದೊಳಗೇ ಆದರೆ ಪೆಟ್ರೋಲ್ ಗಾಡಿಯೇ ಲೇಸು.

ಇನ್ನು ಭಾರ. ಇನ್ನೂರು ಲೀಟರಿನ ಡ್ರಮ್ಮಿನ ತುಂಬ ಬೋರ್ಡೋ ದ್ರಾವಣವೆಂದರೆ ಎರಡು ಕ್ವಿಂಟಾಲ್ ದಾಟಿತು. ಜೊತೆಗೆ ಪಂಪು, ಪೈಪು, ಮೂರು ಆಳು ಸೇರಿದರೆ ನಾಲ್ಕು ಕ್ವಿಂಟಾಲ್. ಆರ್.ಸಿ. ಪುಸ್ತಕದಲ್ಲಿ ಗಾಡಿಯ ಒಟ್ಟು ತೂಕ ಮತ್ತು ಖಾಲಿ ತೂಕ ಎರಡೂ ಇರುತ್ತವೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಗಾಡಿ ಹೊರಬಲ್ಲ ಭಾರ. ಕೊಳ್ಳುವ ಮುನ್ನ ಈ ಒಂದು ಕಳೆಯುವ ಲೆಕ್ಕ ಮಾಡಿದವರು ಕಡಿಮೆ.

ರಾಣೆಬೆನ್ನೂರಿನಲ್ಲಿ ಹಳೆಯ ಗಾಡಿ ಕೊಳ್ಳಲು ಹೋಗಿ

ರಾಣೆಬೆನ್ನೂರಿನಲ್ಲಿ ಮಾರಾಟಕ್ಕಿಟ್ಟ ಒಂದು ಜೀಪು ನಮ್ಮ ಕಣ್ಣಿಗೆ ಬಿತ್ತು. ಹೊಸ ಬಣ್ಣ, ದಪ್ಪ ಟೈರು, ಮುಂದೆ ತಿರುಪುಹಗ್ಗದ ಯಂತ್ರ. ಎಂಜಿನ್ ಬೇರೆ ಕಂಪನಿಯ ಕಾರಿನದು. “ಕಾಗದ ಆಮ್ಯಾಲೆ ಮಾಡಿಸಿ ಕೊಡತೇವ್ರಿ, ಮೊದಲ ಅಡ್ವಾನ್ಸ್ ಹಾಕ್ರಿ” ಎಂದ ಮಾರುವವ. ಆರ್.ಸಿ.ಯಲ್ಲಿದ್ದ ಎಂಜಿನ್ ನಂಬರಿಗೂ ಗಾಡಿಯ ಮೇಲಿನ ನಂಬರಿಗೂ ಸಂಬಂಧವೇ ಇರಲಿಲ್ಲ. ಅಲ್ಲಿಂದಲೇ ಕೈಮುಗಿದು ಬಂದೆವು.

ದನದ ಸಂತೆಯಲ್ಲಿ ನಾವು ಹಲ್ಲು ನೋಡದೆ, ನಡೆಸಿ ನೋಡದೆ ಎತ್ತು ಕೊಳ್ಳುವುದಿಲ್ಲ. ಹಳೆಯ ಜೀಪಿಗೂ ಹಾಗೆಯೇ. ನೋಡಬೇಕಾದವು ಇವು:

1. ಚಾಸಿಸ್ ನಂಬರು, ಎಂಜಿನ್ ನಂಬರು ಎರಡೂ ಆರ್.ಸಿ.ಗೆ ತಾಳೆಯಾಗಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಕಾಗದ ಸರಿಯಿಲ್ಲದ ಗಾಡಿಗೆ ಅಪಘಾತವಾದರೆ ವಿಮೆ ಕೈಕೊಡಬಹುದು.

2. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ಲಘು ವಾಹನದ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಲಾಯಿತು. ಹಸಿರು ತೆರಿಗೆ ಬೇರೆ. ಇದನ್ನು ಬೆಲೆಯಲ್ಲಿ ಸೇರಿಸಿ ಲೆಕ್ಕ ಹಾಕಬೇಕು. ಸಾಲದ ನಮೂದು ತೀರಿದೆಯೇ ಎಂಬುದನ್ನೂ ನೋಡಬೇಕು.

3. ಗಾಡಿಯ ಅಡಿಗೆ ಮಲಗಿ ಚಾಸಿಸ್ ನೋಡಬೇಕು. ಸ್ಪ್ರಿಂಗ್ ಕೂರುವ ಜಾಗದಲ್ಲಿ ತುಕ್ಕು, ಬಿರುಕು, ಮೇಲೆ ಹೊಸ ವೆಲ್ಡಿಂಗ್ ಕಂಡರೆ ಬಿಟ್ಟುಬಿಡುವುದು ಲೇಸು. ಹೊಸ ಬಣ್ಣ ಎಂದರೆ ಅನುಮಾನ.

4. ಹೇಳದೆ ಬೆಳಿಗ್ಗೆ ಹೋಗಿ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿಸಬೇಕು. ಮೊದಲೇ ಕಾಯಿಸಿಟ್ಟ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಎಂದರ್ಥ.

5. ಗೇರೆಣ್ಣೆ ಹಾಲಿನ ಬಣ್ಣಕ್ಕಿದ್ದರೆ ನೀರು ಹೊಕ್ಕಿದೆ.

6. ನಾಲ್ಕು ಚಕ್ರದ ಲಿವರನ್ನು ಮಣ್ಣಿನ ಮೇಲೆಯೇ ಪರೀಕ್ಷಿಸಬೇಕು. ಒಣ ಡಾಂಬರಿನ ಮೇಲೆ ಅದನ್ನು ಹಾಕಿ ತಿರುವು ತೆಗೆದುಕೊಂಡರೆ ಹಲ್ಲುಚಕ್ರಗಳು ಬಿಗಿದು ಮುರಿಯುವ ಸಂಭವವಿದೆ.

ಹಣದ ಲೆಕ್ಕ, ದಿನದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಬದಲಾಗಿದೆ. ನಾಲ್ಕು ಮೀಟರಿನೊಳಗಿನ ಕಾರುಗಳಲ್ಲಿ 1,200 ಸಿ.ಸಿ.ವರೆಗಿನ ಪೆಟ್ರೋಲ್ ಗಾಡಿಗೂ 1,500 ಸಿ.ಸಿ.ವರೆಗಿನ ಡೀಸೆಲ್ ಗಾಡಿಗೂ ಶೇಕಡ 18. ಅದಕ್ಕಿಂತ ದೊಡ್ಡವಕ್ಕೆ ಶೇಕಡ 40. ನಾಲ್ಕು ಚಕ್ರ ಚಾಲನೆಯ ಥಾರ್, ಜಿಮ್ನಿಗಳು ದೊಡ್ಡ ತೆರಿಗೆಯ ಸಾಲಿನಲ್ಲಿ ಬರುತ್ತವೆ. ಎರಡು ಚಕ್ರ ಚಾಲನೆಯ ಬೊಲೆರೋ, ಸಣ್ಣ ಡೀಸೆಲ್ ಎಂಜಿನ್ನಿನ ಥಾರ್ ಕಡಿಮೆ ತೆರಿಗೆಯ ಸಾಲಿನಲ್ಲಿವೆ. ಹನ್ನೆರಡು ಲಕ್ಷ ದಾಟದೆ ನಾಲ್ಕು ಚಕ್ರ ಚಾಲನೆಯ ಹೊಸ ಗಾಡಿ ಮನೆ ಸೇರುವುದು ಕಷ್ಟ.

ಈ ಹೆಚ್ಚಿನ ಹಣ ಕೊಡುವ ಮುನ್ನ ನಾವು ಒಂದು ಕೆಲಸ ಮಾಡಿದ್ದೆವು. ಒಂದು ವರ್ಷ ಪೂರ್ತಿ, ಜೀಪಿನ ನಾಲ್ಕು ಚಕ್ರದ ಲಿವರನ್ನು ಹಾಕಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದೆವು. ವರ್ಷದ ಕೊನೆಗೆ ಎಣಿಸಿದರೆ ಇಪ್ಪತ್ತು ದಿನ ತುಂಬಲಿಲ್ಲ. ಹೆದ್ದಾರಿಯ ಮೇಲೆ ಹೋದ ದಿನಗಳು ನೂರಕ್ಕೂ ಮೇಲೆ. ತಂದೆಯವರು ಆ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಅಪಾಯ ಎಲ್ಲಿದೆಯೆಂದು ನಾವು ತಿಳಿದಿದ್ದೆವೋ ಅಲ್ಲಿರಲಿಲ್ಲ. ಹಳ್ಳ ನಮ್ಮನ್ನು ಹೆದರಿಸುತ್ತಿತ್ತು. ರಸ್ತೆ ದಿನವೂ ಬಲಿಗೆ ಕಾಯುತ್ತಿತ್ತು.

ನಮ್ಮ ತೀರ್ಮಾನ

ನಾವು ಮಾಡಿದ್ದು ಇಷ್ಟು. ಜೀಪನ್ನು ಮಾರಲಿಲ್ಲ. ಬ್ರೇಕು ಪೂರ್ತಿ ಹೊಸದು ಮಾಡಿಸಿ, ಮುಂದಿನ ಸೀಟುಗಳಿಗೆ ಬೆಲ್ಟು ಹಾಕಿಸಿದೆವು. 2026ರ ನವೀಕರಣಕ್ಕೆ ಹಣ ತೆಗೆದಿಟ್ಟೆವು. ಅದರ ಕೆಲಸ ತೋಟ ಮತ್ತು ಹಳ್ಳ, ಡಾಂಬರು ರಸ್ತೆಯ ತುದಿಯವರೆಗೆ ಮಾತ್ರ. ರಸ್ತೆಯ ಓಡಾಟಕ್ಕೆ ಗಾಳಿಚೀಲ, ಎ.ಬಿ.ಎಸ್. ಇರುವ ನಾಲ್ಕು ವರ್ಷದ ಹಳೆಯ ಎರಡು ಚಕ್ರ ಚಾಲನೆಯ ಗಾಡಿ ಕೊಂಡೆವು. ಮಳೆಗಾಲದಲ್ಲಿ ಅದು ರಸ್ತೆಬದಿಯ ಬಂಧುಗಳ ಅಂಗಳದಲ್ಲಿ ನಿಲ್ಲುತ್ತದೆ. ಎರಡೂ ಸೇರಿ ಖರ್ಚು ಹೊಸ ಗಾಡಿಯ ಅರ್ಧದಷ್ಟಾಯಿತು.

ಒಂದೇ ಗಾಡಿ ಸಾಕೆನ್ನುವವರಿಗೆ ನಮ್ಮ ಸಲಹೆ ಬೇರೆ. ಹೆಂಡತಿ ಮಕ್ಕಳೊಡನೆ ಹೆದ್ದಾರಿಯಲ್ಲಿ ಹೋಗುವವರು ರಕ್ಷಣೆ ಇರುವ ಗಾಡಿಯನ್ನೇ ಆರಿಸಲಿ, ಪರದೆ ಚಿಕ್ಕದಾದರೂ ಚಿಂತೆಯಿಲ್ಲ. ಕಡಿದಾದ ಏರಿನ ಕಾಫಿ ತೋಟದವರಿಗೆ, ವರ್ಷದಲ್ಲಿ ನಾಲ್ಕು ತಿಂಗಳು ಕೆಸರಿನಲ್ಲಿ ಕಳೆಯುವವರಿಗೆ ಹೊಸ ನಾಲ್ಕು ಚಕ್ರ ಗಾಡಿಯ ಬೆಲೆ ವ್ಯರ್ಥವಲ್ಲ. ಟ್ರ್ಯಾಕ್ಟರು ಇರುವ ಬಯಲುಸೀಮೆಯ ಅಡಿಕೆಯವರಿಗೆ ಮಾತ್ರ ಅದರ ಅಗತ್ಯ ವಿರಳ.

ಕೊನೆಯದಾಗಿ ಒಂದು ಮಾತು. ನಮ್ಮ ಹಳ್ಳ ದಾಟುವ ಮನೆಗಳು ಏಳು. ಏಳು ಮನೆಯವರೂ ಒಬ್ಬೊಬ್ಬರಾಗಿ ಹಳ್ಳ ದಾಟುವ ಗಾಡಿ ಹುಡುಕುತ್ತಿದ್ದೆವು. ಕ್ಯಾಲೆಂಡರಿನ ಲೆಕ್ಕ ತೋರಿಸಿದ ಮೇಲೆ ತಂದೆಯವರೇ ಕೇಳಿದರು: “ಅಲ್ಲಪ್ಪ, ಏಳು ಜನ ಸೇರಿ ಹಳ್ಳಕ್ಕೆ ಒಂದು ಮೋರಿ ಕಟ್ಟಿಸಿದರೆ ಆಗದೇನು?” ಸಹಕಾರ ಸಂಘದಲ್ಲಿ ಇಷ್ಟು ವರ್ಷ ಸದಸ್ಯರಾಗಿದ್ದೂ ನಮಗೆ ಇದು ಹೊಳೆದಿರಲಿಲ್ಲ. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ; ನಮ್ಮ ಪಾಲಿನ ಹಣ ಕೂಡಿಸಿಟ್ಟಿದ್ದೇವೆ. ಮೋರಿ ಆಗುವವರೆಗೆ ನಮ್ಮ ಜೀಪು ಏಳು ಮನೆಯ ಜೀಪು. ಬೀಗದಕೈ ಜಗುಲಿಯ ಗೂಟಕ್ಕೆ ತೂಗುಹಾಕಿದೆ. ಅದರ ಮೇಲೆ ತಮ್ಮ ಒಂದು ಚೀಟಿ ಅಂಟಿಸಿದ್ದಾನೆ: “ಹಳ್ಳ ದಾಟಿದ ಮೇಲೆ ಬ್ರೇಕು ಒಣಗಿಸಿ.”

ಈ ವಿಷಯದಲ್ಲಿ ಸದಸ್ಯ ಬಾಂಧವರು ತಮ್ಮ ತಮ್ಮ ಅನುಭವಗಳನ್ನು ಬರೆದು ತಿಳಿಸಬೇಕಾಗಿ ವಿನಂತಿ. ಒಬ್ಬರು ಪಟ್ಟ ಪಾಡು ಹತ್ತು ಜನಕ್ಕೆ ಪಾಠವಾಗಲಿ.